ಭಾವನ ತಲೆಯ ಮೇಲಿನ ಎಂಜಿನ್

ಇಪ್ಪತ್ತೊಂಬತ್ತು ವರ್ಷ ಹಲ್ಲಿನ ಸೆಟ್ಟು ಕಟ್ಟಿದ ಹೆಂಗಸಿಗೆ ಒಂದು ದಿನ ಎಂಜಿನ್ ಕಟ್ಟಬೇಕು ಅನ್ನಿಸಿತು. ಯಾಕೆ ಎಂದು ಕೇಳಿದವರಿಗೆಲ್ಲ ಅವಳು ಒಂದೇ ಉತ್ತರ ಕೊಡುತ್ತಿದ್ದಳು.

"ನಾನು ಮಾಡಿದ್ದೆಲ್ಲ ಕಂಡವರ ಬಾಯಿಗೆ ಹೋಯ್ತು. ನನ್ನ ಕಣ್ಣೆದುರು ತಾನಾಗಿ ಅಲ್ಲಾಡೋದು ಒಂದಾದ್ರೂ ಬೇಡ್ವಾ?"

ಊರಿನ ದಂತವೈದ್ಯರೆಲ್ಲ ಬಾಯಿಯ ಅಚ್ಚು ತೆಗೆದು ಅವಳಿಗೇ ಕಳಿಸುತ್ತಿದ್ದರು. ಅವಳು ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದಳು. ಆಮೇಲೆ ಆ ಹಲ್ಲು ಏನನ್ನು ಅಗಿಯಿತು, ಯಾರ ಮೇಲೆ ಮಸೆಯಿತು ಎನ್ನುವುದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಬೀದಿಯವರು ಅವಳನ್ನು ಹಲ್ಲಮ್ಮ ಎಂದು ಕರೆಯುತ್ತಿದ್ದರು. ಅವಳ ಮುಂದಿನ ಹಲ್ಲೊಂದು ಮೊಂಡಾಗಿ ಮುರಿದಿತ್ತು. ಕಟ್ಟಿಸಿಕೊಳ್ಳಲು ಪುರುಸೊತ್ತು ಸಿಕ್ಕಿರಲಿಲ್ಲ.

ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಬೀದಿಗೆ ಮುಖ ಮಾಡಿದ ಕೋಣೆ ಅವಳ ಕಾರ್ಖಾನೆ; ಹಿಂದಿನ ಮೂರು ಕೋಣೆ ಅಕ್ಕ ಮತ್ತು ಭಾವನದು. ಅಕ್ಕ ಬಸ್ ನಿಲ್ದಾಣದ ಮೈಕಿನಲ್ಲಿ ಹೊರಡುವ ಬಸ್ಸುಗಳನ್ನು ಕೂಗಿ ಹೇಳುವ ಕೆಲಸ ಮಾಡಿ ನಿವೃತ್ತಳಾದವಳು. ಮನೆಯಲ್ಲಿ ಅವಳು "ಚಹಾ ಆಯ್ತು" ಎಂದರೆ ಎದುರುಮನೆಯವರೂ ಲೋಟ ಹಿಡಿದು ಏಳುತ್ತಿದ್ದರು.

ಭಾವ ಏಳು ಮಹಡಿಯ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದವರು. ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುತ್ತಾ, ದಿನಾ ಎಷ್ಟು ಜನ ಮೇಲೆ ಹೋದರು, ಎಷ್ಟು ಜನ ಕೆಳಗೆ ಬಂದರು ಎಂದು ಮನಸ್ಸಿನಲ್ಲೇ ಲೆಕ್ಕ ಇಡುತ್ತಿದ್ದರು. ಯಾರೂ ಹೇಳಿರಲಿಲ್ಲ, ಸುಮ್ಮನೆ ಇಡುತ್ತಿದ್ದರು. ನಿವೃತ್ತಿಯ ದಿನ ಒಟ್ಟು ಹಾಕಿ ನೋಡಿದರೆ ಮೇಲೆ ಹೋದವರಲ್ಲಿ ಮೂವರು ಇಳಿದೇ ಇರಲಿಲ್ಲ. ಆ ಮೂವರು ಎಲ್ಲಿ ಹೋದರು ಎಂಬ ಚಿಂತೆ ಅವರನ್ನು ಅಂದಿನಿಂದ ಬಿಟ್ಟಿರಲಿಲ್ಲ. ಅದು ಸಾಲದು ಎಂಬಂತೆ ಗ್ಯಾಸ್ ಆರಿಸಿದ್ದೇವೆಯೇ, ನಲ್ಲಿ ಮುಚ್ಚಿದ್ದೇವೆಯೇ, ಚಿಲಕ ಹಾಕಿದ್ದೇವೆಯೇ ಎಂದು ದಿನವಿಡೀ ಕೋಣೆಯಿಂದ ಕೋಣೆಗೆ ಓಡಾಡುತ್ತಿದ್ದರು. "ತಲೆಬಿಸಿ ಮಾಡ್ಕೋಬೇಡ್ರೀ" ಎಂದು ಅಕ್ಕ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಆ ತಲೆಯಲ್ಲಿ ಒಂದು ಎಳೆ ಕೂದಲಿರಲಿಲ್ಲ. ನೆತ್ತಿಯಂತೂ ಹಲಗೆ ಇಟ್ಟು ತಟ್ಟಿದ ಹಾಗೆ ಚಪ್ಪಟೆ.

ಹಲ್ಲಮ್ಮ ಆರಿಸಿಕೊಂಡದ್ದು ಬಿಸಿಗಾಳಿಯ ಎಂಜಿನ್. ಹಳೆಯ ಪತ್ರಿಕೆಯೊಂದರಲ್ಲಿ ಅದರ ಚಿತ್ರ ಸಿಕ್ಕಿತ್ತು. ಅಂಗೈಯಗಲದ ಎರಡು ಅಲ್ಯೂಮಿನಿಯಂ ತಟ್ಟೆ, ನಡುವೆ ಪ್ಲಾಸ್ಟಿಕ್ಕಿನ ಬಳೆ, ಬಳೆಯೊಳಗೆ ಹಗುರವಾದ ಥರ್ಮಾಕೋಲ್ ಬಿಲ್ಲೆ. ಕೆಳಗಿನ ತಟ್ಟೆಗೆ ಬಿಸಿ ತಾಗಿದರೆ ಒಳಗಿನ ಗಾಳಿ ಹಿಗ್ಗುತ್ತದೆ. ಮೇಲಿನ ತಟ್ಟೆಯ ತಂಪು ತಾಗಿದರೆ ಕುಗ್ಗುತ್ತದೆ. ಬಿಲ್ಲೆ ಮೇಲೆ ಕೆಳಗೆ ಆಡುತ್ತಾ ಗಾಳಿಯನ್ನು ಅತ್ತ ಇತ್ತ ತಳ್ಳುತ್ತದೆ. ಆ ಉಸಿರಾಟಕ್ಕೆ ಸಣ್ಣ ಗಾಜಿನ ಸಿರಿಂಜಿನ ದಂಡ ಕುಣಿದು ಚಕ್ರ ತಿರುಗಿಸುತ್ತದೆ. ಎಂಜಿನ್ ಎಂದರೆ ಅಷ್ಟೇ.

ಸಿರಿಂಜು ದಂತವೈದ್ಯರೊಬ್ಬರ ಹಳೆಯ ಪೆಟ್ಟಿಗೆಯಿಂದ ಬಂತು. ಹಲ್ಲಿಗೆ ಕೊಕ್ಕೆ ಮಾಡುವ ಉಕ್ಕಿನ ತಂತಿಯನ್ನೇ ಬಗ್ಗಿಸಿ ಚಕ್ರದ ಅಚ್ಚುಗೋಲು ಮಾಡಿದಳು. ಚಕ್ರವನ್ನು ಡಬ್ಬಿಯ ಮುಚ್ಚಳದಲ್ಲಿ ಗುಲಾಬಿ ಅಕ್ರಿಲಿಕ್ ಹುಯ್ದು ತೆಗೆದಳು. ಅಂಚಿಗೆ ಸ್ವಲ್ಪ ತೂಕ ಬೇಕಿತ್ತು. ಕೈಗೆ ಸಿಕ್ಕಿದ್ದು ಹಲ್ಲುಗಳೇ. ಸುತ್ತ ಇಪ್ಪತ್ತೆಂಟು ಹಲ್ಲು ಕೂರಿಸಿದಳು. ಒಂದು ಕಡೆ ಭಾರವಾದರೆ ದವಡೆ ಹಲ್ಲು ಕಿತ್ತು ಕೋರೆ ಹಲ್ಲು ಇಟ್ಟಳು. ಇನ್ನೂ ಭಾರವಾದರೆ ಅರದಿಂದ ಉಜ್ಜಿದಳು. ಕೊನೆಗೆ ಚಕ್ರ ಸಮತೂಕಕ್ಕೆ ಬಂದು, ಎಲ್ಲಿ ನಿಲ್ಲಿಸಿದರೆ ಅಲ್ಲೇ ಹಲ್ಲು ಕಿರಿದುಕೊಂಡು ನಿಂತಿತು.

ಓಡಲು ಮಾತ್ರ ಒಪ್ಪಲಿಲ್ಲ. ಮೇಣದಬತ್ತಿ ಹಿಡಿದರೆ ಬಿಲ್ಲೆ ಕರಗಿ ಕಡಲೆಬೀಜದಷ್ಟಾಯಿತು. ಬಿಸಿನೀರಿನ ಲೋಟದ ಮೇಲಿಟ್ಟರೆ ಅರ್ಧ ಸುತ್ತು ಹೋಗಿ, ಏನೋ ಮರೆತವರ ಹಾಗೆ ವಾಪಸು ಬಂತು. ಇಸ್ತ್ರಿಪೆಟ್ಟಿಗೆಯ ಮೇಲೆ ಅದೂ ಇಲ್ಲ. ಮೂರು ತಿಂಗಳಲ್ಲಿ ಏಳು ಬಿಲ್ಲೆ ಬದಲಾದವು. ಸಿರಿಂಜಿನ ಜಿಡ್ಡು ತೆಗೆದಳು, ತಂತಿಯನ್ನು ಕನ್ನಡಿಯಂತೆ ಉಜ್ಜಿದಳು, ಸೋರುವ ಕಡೆಯೆಲ್ಲ ಮೇಣ ಮೆತ್ತಿದಳು. ಅಕ್ಕ ಬಾಗಿಲಲ್ಲಿ ನಿಂತು, "ಸೆಟ್ಟು ಹಾಕ್ಕೊಂಡ ಮುದುಕ ಕೂಡ ಇದಕ್ಕಿಂತ ಬೇಗ ಏಳ್ತಾನೆ" ಎಂದು ಹೋದಳು.

ಒಂದು ಬೆಳಗ್ಗೆ ಹಲ್ಲಮ್ಮ ಎಂಜಿನ್ನಿನ ಸಣ್ಣ ತಿರುಪೊಂದನ್ನು ಬಿಗಿಮಾಡುತ್ತಿದ್ದಳು. ಎರಡೂ ಕೈ ಬೇಕಾದವು, ಮೇಜಿನ ತುಂಬ ಪ್ಲಾಸ್ಟರಿನ ದವಡೆಗಳು, ಎಂಜಿನ್ ಇಡಲು ಒಂದು ಗೇಣು ಜಾಗವಿರಲಿಲ್ಲ. ಭಾವ ಪಕ್ಕದಲ್ಲೇ ಮಂಡಿಯೂರಿ ಪ್ಲಗ್ಗು ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು.

"ಭಾವ, ಒಂದು ನಿಮಿಷ ಅಲ್ಲಾಡಬೇಡಿ" ಎಂದು ಅವಳು ಎಂಜಿನ್ನನ್ನು ಅವರ ನೆತ್ತಿಯ ಮೇಲಿಟ್ಟಳು.

"ಯಾಕಮ್ಮ? ಏನಾಯ್ತು? ಬಿತ್ತಾ?"

"ಏನೂ ಆಗಿಲ್ಲ. ಸುಮ್ನೆ ಇರಿ."

"ಏನೂ ಆಗಿಲ್ಲ ಅಂದ್ರೆ ಏನೋ ಆಗಿದೆ ಅಂತ ಅರ್ಥ" ಎಂದರು ಭಾವ.

ಅಷ್ಟರಲ್ಲಿ ಟಕ್ ಎಂದಿತು. ಇನ್ನೊಂದು ಟಕ್. ಹಲ್ಲಮ್ಮ ತಿರುಪುಳಿ ಕೈಯಲ್ಲೇ ಹಿಡಿದು ನಿಂತಳು. ಗುಲಾಬಿ ಚಕ್ರ ನಿಧಾನಕ್ಕೆ ಒಂದು ಸುತ್ತು ಹಾಕಿತು, ಯೋಚಿಸಿತು, ಇನ್ನೊಂದು ಹಾಕಿತು. ಆಮೇಲೆ ಯೋಚನೆ ಬಿಟ್ಟು ಓಡತೊಡಗಿತು. ಇಪ್ಪತ್ತೆಂಟು ಹಲ್ಲುಗಳೂ ಸಾಲಾಗಿ ಬಂದು ಬಂದು ಅವಳಿಗೆ ಮುಖ ತೋರಿಸಿ ಹೋದವು. ಅವಳ ಕಣ್ಣು ತುಂಬಿತು. ಮೂಗೊರೆಸಿಕೊಳ್ಳಲೂ ಹೆದರಿಕೆ, ಕೈಯಾಡಿಸಿದ ಗಾಳಿಗೆ ನಿಂತುಬಿಟ್ಟರೆ?

"ಏನೋ ತಲೆ ಮೇಲೆ ನಡೀತಿದೆ" ಎಂದರು ಭಾವ.

"ಎಂಜಿನ್ ಓಡ್ತಿದೆ ಭಾವ! ನಿಮ್ಮ ತಲೆ ಮೇಲೆ!"

"ಸಿಡಿಯಲ್ವಾ?"

ಆ ಪ್ರಶ್ನೆಗೆ ಚಕ್ರದ ವೇಗ ಇಮ್ಮಡಿಯಾಯಿತು.

ಅಕ್ಕ ಓಡಿಬಂದಳು. ಗಂಡನನ್ನು, ಗಂಡನ ತಲೆಯ ಮೇಲೆ ಹಲ್ಲು ಕಿರಿದು ತಿರುಗುತ್ತಿದ್ದ ಚಕ್ರವನ್ನು ನೋಡಿದಳು. "ಮೂವತ್ನಾಲ್ಕು ವರ್ಷದಿಂದ ಬಡ್ಕೋತಿದೀನಿ, ಈ ಮನುಷ್ಯಂಗೆ ತಲೆಬಿಸಿ ಜಾಸ್ತಿ ಅಂತ. ಒಬ್ಬರಾದ್ರೂ ನಂಬಿದ್ರಾ?"

ಹಲ್ಲಮ್ಮ ಎಲ್ಲ ಪರೀಕ್ಷೆ ಮಾಡಿದಳು. ತನ್ನ ಅಂಗೈ ಮೇಲಿಟ್ಟಳು, ಓಡಲಿಲ್ಲ. ಅಕ್ಕನ ಬೆನ್ನ ಮೇಲಿಟ್ಟಳು, ಓಡಲಿಲ್ಲ. ಮತ್ತೆ ಬಿಸಿನೀರಿನ ಮೇಲಿಟ್ಟಳು, ಅರ್ಧ ಸುತ್ತು ಹೋಗಿ ವಾಪಸು ಬಂತು. ಭಾವನ ತಲೆಯ ಮೇಲಿಟ್ಟರೆ ನಿಮಿಷಕ್ಕೆ ನೂರಾ ಹತ್ತು ಸುತ್ತು. ಅದಕ್ಕೆ ಬೇಕಾದದ್ದು ಬರೀ ಬಿಸಿಯಲ್ಲ, ತಲೆಬಿಸಿ ಎಂದು ಮನೆಯವರಿಗೆ ಖಾತ್ರಿಯಾಯಿತು.

ಅಂದಿನಿಂದ ಭಾವನ ದೆಸೆ ಬದಲಾಯಿತು. ನಿವೃತ್ತರಾದ ಮೇಲೆ ಅವರನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಈಗ ದಿನಾ ಬೆಳಗ್ಗೆ ಹತ್ತಕ್ಕೆ ಹಲ್ಲಮ್ಮ "ಭಾವ, ಬನ್ನಿ" ಎಂದು ಕರೆಯುತ್ತಿದ್ದಳು. ಅವರು ಒಗೆದ ಅಂಗಿ ತೊಟ್ಟು, ನೆತ್ತಿಯನ್ನು ಒರಟು ಟವೆಲಿನಿಂದ ಒರೆಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಿದ್ದರು. ಒಂದು ಗಂಟೆ ಎಂಜಿನ್ ಓಡುತ್ತಿತ್ತು. ಹಲ್ಲಮ್ಮ ಒಂದು ಹಲ್ಲಿಗೆ ಕಪ್ಪು ಬಣ್ಣ ಬಳಿದು, ಅದು ಎಷ್ಟು ಸಲ ಬಂತು ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಕೆಲಸಕ್ಕೆ ಹೋಗುವವರ ಗತ್ತಿನಲ್ಲಿ ಭಾವ ಎದುರುಮನೆಯವರಿಗೆ, "ಹತ್ತರಿಂದ ಹನ್ನೊಂದು ನಾನು ಸಿಗಲ್ಲ" ಎನ್ನತೊಡಗಿದರು.

ಮಾದರಿ ಎಂಜಿನ್ ಕಟ್ಟುವವರ ಸಂಘದವರು ವರ್ಷಕ್ಕೊಮ್ಮೆ ಪ್ರದರ್ಶನ ನಡೆಸುತ್ತಿದ್ದರು. ಸ್ಪರ್ಧೆಯ ನಿಯಮ ಒಂದೇ: ಎಂಜಿನ್ ನಿಲ್ಲದೆ ಹತ್ತು ನಿಮಿಷ ಓಡಬೇಕು. ಹಲ್ಲಮ್ಮ ಅರ್ಜಿ ತುಂಬಿದಳು. 'ಇಂಧನ' ಎಂಬಲ್ಲಿ ಸ್ವಲ್ಪ ಯೋಚಿಸಿ 'ಭಾವ' ಎಂದು ಬರೆದಳು. ಎರಡನೇ ದಿನ ಸಂಘದಿಂದ ಫೋನ್ ಬಂತು.

"ಮೇಡಂ, ಇಂಧನ ಭಾವ ಅಂತ ಬರ್ದಿದೀರಿ. ಇಲ್ಲಿ ಕವನ ಎಲ್ಲ ಬರೀಬಾರ್ದು."

"ಆ ಭಾವ ಅಲ್ರೀ. ಅಕ್ಕನ ಗಂಡ."

ಆ ಕಡೆ ಹಾಳೆ ಮಗುಚಿದ ಸದ್ದಾಯಿತು. "ದ್ರವವೋ, ಅನಿಲವೋ?"

ಹಲ್ಲಮ್ಮ ಫೋನಿಗೆ ಕೈ ಅಡ್ಡ ಹಿಡಿದು ಭಾವನನ್ನು ನೋಡಿದಳು. "ಘನ ಅಂತಲೇ ಬರ್ಕೊಳ್ಳಿ" ಎಂದಳು.

ಪ್ರದರ್ಶನಕ್ಕೆ ಇನ್ನೂ ನಲವತ್ತು ದಿನವಿತ್ತು. ಎಡವಟ್ಟಾದದ್ದು ಆ ನಲವತ್ತು ದಿನಗಳಲ್ಲೇ.

ಮೊದಲ ವಾರ ನೋಟ್‌ಬುಕ್ಕಿನಲ್ಲಿ ನೂರಾ ಹತ್ತು ಇದ್ದದ್ದು ಎರಡನೇ ವಾರ ತೊಂಬತ್ತಕ್ಕೆ ಇಳಿಯಿತು. ಮೂರನೇ ವಾರ ಎಪ್ಪತ್ತು. ಹಲ್ಲಮ್ಮ ಸಿರಿಂಜು ಒರೆಸಿದಳು, ತಂತಿ ನೇರ ಮಾಡಿದಳು, ಹೊಸ ಬಿಲ್ಲೆ ಹಾಕಿದಳು. ಐವತ್ತು. ದೋಷ ಎಂಜಿನ್ನಿನಲ್ಲಿ ಇರಲಿಲ್ಲ. ಭಾವ ಈಗೀಗ ಕುರ್ಚಿಯಲ್ಲಿ ಸಣ್ಣಗೆ ಶಿಳ್ಳೆ ಹಾಕುತ್ತಾ ಕೂರುತ್ತಿದ್ದರು.

ಮನೆಯಲ್ಲೂ ವ್ಯತ್ಯಾಸ ಕಾಣತೊಡಗಿತು. ಹಾಲು ಉಕ್ಕಿ ಒಲೆ ಆರಿತು. ಭಾವ ಪಕ್ಕದಲ್ಲೇ ಪತ್ರಿಕೆ ಓದುತ್ತಿದ್ದರು. ಬಚ್ಚಲಿನ ನಲ್ಲಿ ಮಧ್ಯಾಹ್ನವಿಡೀ ಸುರಿದು ತೊಟ್ಟಿ ಖಾಲಿಯಾಯಿತು. ಒಂದು ಸಂಜೆ ಮೂವರೂ ಹೊರಗೆ ಹೋಗಿ ಬಂದಾಗ ಬಾಗಿಲು ಹಾರುಹೊಡೆದಿತ್ತು, ಬೀದಿನಾಯಿ ಅಕ್ಕನ ಮಂಚದ ಮೇಲೆ ದಿಂಬಿಗೆ ತಲೆಕೊಟ್ಟು ಮಲಗಿತ್ತು. ಅಕ್ಕ ಮೂವತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ಚಿಲಕ ಹಾಕಿದವಳಲ್ಲ. ಹಾಕುವವರು ಇದ್ದರಲ್ಲ!

ಹಲ್ಲಮ್ಮನಿಗೆ ಅನುಮಾನ ಬಂತು. ಮರುದಿನ ಎಂಜಿನ್ ಇಡುವ ಮೊದಲು ಬೇಕೆಂದೇ ಕೇಳಿದಳು. "ಭಾವ, ಆ ಮೂರು ಜನ ಮೇಲೆ ಹೋದೋರು ಇಳೀಲೇ ಇಲ್ಲ ಅಂತಿದ್ರಲ್ಲ, ಏನಾದ್ರೋ?"

ಭಾವ ಕಾಲ ಮೇಲೆ ಕಾಲು ಹಾಕಿದರು. "ಮೆಟ್ಟಿಲಲ್ಲಿ ಇಳಿದಿರ್ತಾರೆ ಬಿಡು."

ಹಲ್ಲಮ್ಮ ಎಂಜಿನ್ ಕೆಳಗಿಟ್ಟಳು. ನೆತ್ತಿ ಮುಟ್ಟಿ ನೋಡಿದಳು. ಹೂಜಿಯ ಹಾಗೆ ತಣ್ಣಗಿತ್ತು. ಆಗ ಅವಳಿಗೆ ಹೊಳೆಯಿತು. ಎಂಜಿನ್ ಓಡಬೇಕಾದರೆ ಏನನ್ನಾದರೂ ತಿನ್ನಬೇಕು. ಇದು ಒಂದು ತಿಂಗಳು ಭಾವನ ತಲೆಬಿಸಿಯನ್ನು ತಿಂದು ಗಾಳಿಗೆ ತೂರಿತ್ತು. ಮೂವತ್ತು ನಲವತ್ತು ವರ್ಷ ಕೂಡಿಟ್ಟದ್ದೆಲ್ಲ ಖಾಲಿ.

ಉಳಿದ ದಿನಗಳಲ್ಲಿ ಅಕ್ಕ ತಂಗಿ ಸೇರಿ ಭಾವನಿಗೆ ಚಿಂತೆ ಹತ್ತಿಸಲು ಪಡಬಾರದ ಪಾಡುಪಟ್ಟರು.

"ರೀ, ಗ್ಯಾಸ್ ವಾಸನೆ ಬರ್ತಿಲ್ವಾ?"

"ಕಿಟಕಿ ತೆಗಿ, ಹೋಗುತ್ತೆ."

"ಛಾವಣೀಲಿ ಬಿರುಕು ಬಿಟ್ಟಿದೆ ನೋಡಿ ಭಾವ."

"ಚೆನ್ನಾಗಿದೆ. ಹೊಳೆ ಹರಿದ ಹಾಗಿದೆ."

"ನಂಗೆ ಯಾಕೋ ಎದೆ ನೋಯ್ತಿದೆ ಕಣ್ರೀ" ಎಂದಳು ಅಕ್ಕ ಕೊನೆಯ ಅಸ್ತ್ರವಾಗಿ.

ಭಾವ ಅವಳನ್ನು ಪ್ರೀತಿಯಿಂದ ನೋಡಿದರು. "ಇಷ್ಟು ಜೋರಾಗಿ ಹೇಳ್ತಿದೀಯ ಅಂದ್ಮೇಲೆ ಏನೂ ಆಗಿರಲ್ಲ."

ಅಕ್ಕ ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತಳು. ಹಿಂದೆ ಬಂದ ಹಲ್ಲಮ್ಮನಿಗೆ, ಜೀವನದಲ್ಲಿ ಮೊದಲ ಸಲ ತಗ್ಗಿದ ದನಿಯಲ್ಲಿ ಹೇಳಿದಳು. "ಮೊದ್ಲು ನಾನು ಸೀನಿದ್ರೆ ಮೂರು ಸಲ ಬಂದು ಹಣೆ ಮುಟ್ಟಿ ನೋಡ್ತಿದ್ರು. ಕಿರಿಕಿರಿ ಆಗ್ತಿತ್ತು. ಈಗ ಆ ಕಿರಿಕಿರಿ ಎಲ್ಲಿ ಸಿಗುತ್ತೆ ಹೇಳು?"

ಹಲ್ಲಮ್ಮ ಅವಳ ಪಕ್ಕ ಕೂತಳು. ತನ್ನ ಆಟಿಕೆಗಾಗಿ ಅಕ್ಕನ ಗಂಡನನ್ನು ಸೀಮೆಎಣ್ಣೆಯ ಹಾಗೆ ಉರಿಸಿಬಿಟ್ಟೆ ಎಂದು ಅವಳಿಗೆ ನಾಚಿಕೆಯಾಯಿತು. ಸ್ಪರ್ಧೆಗೆ ಹೋಗುವುದೇ ಬೇಡ ಎಂದಳು. ಭಾವನೇ ಒಪ್ಪಲಿಲ್ಲ. "ಅರ್ಜೀಲಿ ನನ್ನ ಹೆಸರಿದೆ, ಹೋಗಬೇಕು. ಓಡಿದ್ರೆ ಓಡುತ್ತೆ, ಇಲ್ಲಾಂದ್ರೆ ಇಲ್ಲ" ಎಂದು ಅಂಗಿ ಇಸ್ತ್ರಿ ಮಾಡಿಕೊಂಡರು. ಪೆಟ್ಟಿಗೆಯ ಸ್ವಿಚ್ಚು ಆರಿಸಲು ಮರೆತರು. ಅಕ್ಕ ಆರಿಸಿದಳು.

ಪ್ರದರ್ಶನ ನಡೆದದ್ದು ಎತ್ತರದ ಕಿಟಕಿಗಳ ದೊಡ್ಡ ಸಭಾಂಗಣದಲ್ಲಿ. ಒಳಗೆ ಸಾಲು ಮೇಜುಗಳ ಮೇಲೆ ಹಿತ್ತಾಳೆಯ ಉಗಿ ಎಂಜಿನ್ನುಗಳು, ಪೆಟ್ರೋಲಿನ ಪುಟ್ಟ ಎಂಜಿನ್ನುಗಳು ಗುರುಗುಟ್ಟುತ್ತಿದ್ದವು. ಬಾಗಿಲಲ್ಲೇ ಬೆಂಕಿ ಸುರಕ್ಷತೆಯ ಅಧಿಕಾರಿ ಪಟ್ಟಿ ಹಿಡಿದು ತಡೆದರು.

"ಇಂಧನ ಯಾವುದು?"

"ನಾನೇ" ಎಂದರು ಭಾವ, ಎದೆಯುಬ್ಬಿಸಿ.

ಅಧಿಕಾರಿ ಪಟ್ಟಿಯಲ್ಲಿ ಬೆರಳಾಡಿಸಿದರು. "ಎಷ್ಟಿದೆ?"

"ಅರವತ್ತೆಂಟು ಕೆಜಿ."

"ಸಾಧ್ಯ ಇಲ್ಲ. ಒಬ್ಬೊಬ್ರಿಗೆ ಐದು ಕೆಜಿಗಿಂತ ಹೆಚ್ಚು ಇಂಧನ ಒಳಗೆ ಬಿಡೋ ಹಾಗಿಲ್ಲ."

ಹಲ್ಲಮ್ಮ ಮುಂದೆ ಬಂದಳು. "ಉರಿಯೋದು ತಲೆ ಮಾತ್ರ ಸಾರ್. ತಲೆ ಐದು ಕೆಜಿ ಒಳಗೇ ಇರುತ್ತೆ."

"ಮತ್ತೆ ಉಳಿದದ್ದು?"

"ಡಬ್ಬಿ."

ಅಧಿಕಾರಿ ಭಾವನ ಸುತ್ತ ಒಂದು ಸುತ್ತು ಬಂದು, ಡಬ್ಬಿ ಸೋರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಸಹಿ ಹಾಕಿದರು. ಆದರೂ ನಿಯಮ ನಿಯಮವೇ. ಭಾವನನ್ನು ಮೂಲೆಯಲ್ಲಿ ಹಗ್ಗ ಕಟ್ಟಿದ ಜಾಗದಲ್ಲಿ ಕೂರಿಸಿ, ಎಡಕ್ಕೊಂದು ಬಲಕ್ಕೊಂದು ಮರಳಿನ ಬಕೆಟ್ ಇಟ್ಟು, ಕೊರಳಿಗೆ 'ಹತ್ತಿರ ಸಿಗರೇಟು ಸೇದಬಾರದು' ಎಂಬ ಹಲಗೆ ತೂಗುಹಾಕಿದರು. ಭಾವ ಒಂದು ಬಕೆಟ್ಟಿನ ಮೇಲೆ ಕೈಯಿಟ್ಟು ಆರಾಮಾಗಿ ಕೂತರು.

ಅವರ ಸರದಿ ಬಂತು. ಹಲ್ಲಮ್ಮ ಎಂಜಿನ್ನನ್ನು ನೆತ್ತಿಯ ಮೇಲಿಟ್ಟು ಬೆರಳಿಂದ ಚಕ್ರ ತಳ್ಳಿದಳು. ಒಂದು ಸುತ್ತು. ನಿಂತಿತು. ಮತ್ತೆ ತಳ್ಳಿದಳು. ನಿಂತಿತು. ಸುತ್ತ ಸೇರಿದ ಜನ ಚಕ್ರದ ಹಲ್ಲು ನೋಡಿ ತಮ್ಮ ಹಲ್ಲು ಬಿಟ್ಟರು.

ಮುಖ್ಯ ತೀರ್ಪುಗಾರರು ಗಡಿಯಾರ ಹಿಡಿದು ಬಂದರು. ಅವರು ಊರಿನ ನೀರು ಸರಬರಾಜಿನ ಎಂಜಿನಿಯರ್. ಅವರದೂ ಬೋಳುತಲೆ, ಅದರ ಮೇಲೆಲ್ಲ ಬೆವರ ಹನಿ. ಬಾಯಲ್ಲಿ ತಮ್ಮಷ್ಟಕ್ಕೆ ಏನೋ ಮಣಮಣ ಎನ್ನುತ್ತಿದ್ದರು. "ಮೂರನೇ ಟ್ಯಾಂಕಿನ ವಾಲ್ವ್... ಬೆಳಗ್ಗೆ ಏನೋ ಸದ್ದು ಬಂದ ಹಾಗಿತ್ತು... ಯಾರಿಗೂ ಹೇಳ್ದೆ ಬಂದ್ಬಿಟ್ಟೆ... ಹೂಂ, ಮೇಡಂ, ಶುರು ಮಾಡಿ."

"ಇಂಧನ ತಣ್ಣಗಾಗಿದೆ ಸಾರ್" ಎಂದಳು ಹಲ್ಲಮ್ಮ, ನೆಲ ನೋಡುತ್ತಾ.

ಎಂಜಿನ್ ಹೇಗೆ ಕೂತಿದೆ ಎಂದು ನೋಡಲು ತೀರ್ಪುಗಾರರು ಬಗ್ಗಿದರು. ಅವರ ನೆತ್ತಿಯಿಂದ ಹಬೆ ಏಳುವುದೊಂದು ಬಾಕಿ. ಅಕ್ಕ ಅದನ್ನು ಕಂಡಳು. ಕಂಡದ್ದೇ ತಡ, ಗಂಡನ ತಲೆಯಿಂದ ಎಂಜಿನ್ನನ್ನು ಎತ್ತಿ ಅವರ ತಲೆಯ ಮೇಲೆ ಇಟ್ಟೇಬಿಟ್ಟಳು.

"ಹತ್ತು ನಿಮಿಷ ಅಲ್ಲಾಡಬೇಡಿ ಸಾರ್!" ಎಂದು ಅವಳು ಕೂಗಿದ ಕೂಗಿಗೆ ಸಭಾಂಗಣದಲ್ಲಿದ್ದವರೆಲ್ಲ ಅಲ್ಲಾಡದೆ ನಿಂತರು.

ಯಾರೂ ತಳ್ಳಲಿಲ್ಲ. ಚಕ್ರ ತಾನಾಗಿ ಹೊರಟಿತು. ಹಲ್ಲುಗಳು ಒಂದರ ಹಿಂದೊಂದು ಓಡಿ, ಬೆರೆತು, ಒಂದೇ ಬಿಳಿ ಗೆರೆಯಾದವು. ಕಪ್ಪು ಹಲ್ಲನ್ನು ಎಣಿಸಲು ಹಲ್ಲಮ್ಮನಿಗೆ ಆಗಲಿಲ್ಲ. ಸಿರಿಂಜಿನ ದಂಡ ದುಂಬಿಯಂತೆ ಗುಂಯ್‌ಗುಟ್ಟಿತು. ತಾನು ಕಟ್ಟಿದ್ದು ಇಷ್ಟು ಓಡಬಲ್ಲದೇ ಎಂದು ಅವಳು ಬಾಯಿ ಬಿಟ್ಟು ನೋಡಿದಳು. ಆ ಹೊತ್ತಿನಲ್ಲಿ ನಾಚಿಕೆ, ಅಕ್ಕ, ಭಾವ ಯಾವುದೂ ನೆನಪಿರಲಿಲ್ಲ. ಹಾಗೆ ನೆನಪಿಲ್ಲದ್ದಕ್ಕೆ ಆಮೇಲೆ ಬಹಳ ದಿನ ನೊಂದುಕೊಂಡಳು.

ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ತೀರ್ಪುಗಾರರು ಮೆಲ್ಲನೆ ಭಾವನ ಪಕ್ಕದ ಕುರ್ಚಿಗೆ ಒರಗಿದರು. ಹಣೆಯ ಗೆರೆಗಳು ಇಸ್ತ್ರಿ ಮಾಡಿದ ಹಾಗೆ ಮಾಯವಾದವು. ಅರ್ಧ ಗಂಟೆಗೆ ಚಕ್ರ ನಿಧಾನವಾಗಿ ನಿಂತಿತು.

"ಏನೋ ನೆನಪಿಟ್ಕೋಬೇಕಿತ್ತು" ಎಂದರು ಅವರು ನಗುತ್ತಾ. "ಇರ್ಲಿ ಬಿಡಿ." ಗಡಿಯಾರವನ್ನು ಕುರ್ಚಿಯ ಮೇಲೇ ಬಿಟ್ಟು, ಕೈ ಬೀಸಿಕೊಂಡು ಹೊರಗೆ ಹೋಗಿ ಮರದ ನೆರಳಲ್ಲಿ ಮಲಗಿದರು.

ಉಳಿದ ತೀರ್ಪುಗಾರರಲ್ಲಿ ದೊಡ್ಡ ವಾದವೇ ನಡೆಯಿತು. ಅಷ್ಟು ಹೊತ್ತು ಓಡಿದ ಎಂಜಿನ್ ಬೇರೆ ಇಲ್ಲ ಎಂದರು ಕೆಲವರು. ತೀರ್ಪು ಕೊಡಬೇಕಾದವರೇ ಇಂಧನವಾದರೆ ಅದು ಪಕ್ಷಪಾತ ಎಂದರು ಇನ್ನು ಕೆಲವರು. ಅರ್ಜಿಯಲ್ಲಿ ಬರೆದ ಇಂಧನ ಒಂದು, ಬಳಸಿದ್ದು ಇನ್ನೊಂದು, ಇದು ಕಲಬೆರಕೆ ಎಂದರು ಸುರಕ್ಷತೆಯ ಅಧಿಕಾರಿ. ಕೊನೆಗೆ ಬಹುಮಾನ ಇಲ್ಲ, ಚಪ್ಪಾಳೆ ಮಾತ್ರ ಎಂದು ತೀರ್ಮಾನವಾಯಿತು. ಚಪ್ಪಾಳೆಯೂ ಆಯಿತು. ಭಾವ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಜನ ಕರಗಿದ ಮೇಲೆ ಅಕ್ಕ ತಂಗಿಯ ಮುಂದೆ ನಿಂತಳು. "ಆಯ್ತಲ್ಲ ನಿನ್ನ ಎಂಜಿನ್? ಈಗ ನನ್ನ ಗಂಡನ ತಲೆಬಿಸಿ ವಾಪಸ್ ಕೊಡು."

ಹಲ್ಲಮ್ಮ ಎಂಜಿನ್ನನ್ನು ತಿರುಗಿಸಿ ಮುರುಗಿಸಿ ನೋಡುತ್ತಾ ಕೂತಳು. ಚಕ್ರ ಮುಂದಕ್ಕೆ ಓಡಿದರೆ ಅದು ತಲೆಯ ಬಿಸಿಯನ್ನು ಗಾಳಿಗೆ ಒಯ್ಯುತ್ತದೆ. ಹಾಗಾದರೆ ಯಾರಾದರೂ ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ? ಗಾಳಿಯ ಬಿಸಿ ತಲೆಗೆ ಹೋಗಬೇಕು. ಬಕೆಟ್ಟಿನಲ್ಲಿ ಮೊಗೆದು ಹೊರಗೆ ಚೆಲ್ಲಿದ್ದನ್ನು ಮತ್ತೆ ಮೊಗೆದು ಒಳಗೆ ಹುಯ್ದ ಹಾಗೆ. ಅವಳು ಎದ್ದು ಎಂಜಿನ್ನನ್ನು ಭಾವನ ತಲೆಯ ಮೇಲಿಟ್ಟಳು, ತೋರುಬೆರಳಿಂದ ಚಕ್ರವನ್ನು ಹಿಂದಕ್ಕೆ ತಿರುಗಿಸತೊಡಗಿದಳು.

ಅರ್ಧ ಗಂಟೆ ತಿರುಗಿಸಿದಳು. ಹಲ್ಲುಗಳು ಉಜ್ಜಿ ಉಜ್ಜಿ ಬೆರಳಲ್ಲಿ ಬೊಬ್ಬೆ ಎದ್ದಿತು. ಕೈ ಬದಲಿಸಿದಳು. ಎಡಗೈ ಸೋತಾಗ ಅಕ್ಕ ಬಂದು ಹಿಡಿದಳು. ಸಭಾಂಗಣದವರು ಮೇಜುಗಳನ್ನು ಮಡಿಸಿ ಒಯ್ಯುತ್ತಿದ್ದರು. ತಟ್ಟೆ ಬೆಚ್ಚಗಾಯಿತು. ಭಾವನ ಶಿಳ್ಳೆ ನಿಂತಿತು. ಹಣೆಯ ಮೇಲೆ ಒಂದು ಗೆರೆ, ಆಮೇಲೆ ಇನ್ನೊಂದು.

"ಬಂತು, ಬಂತು!" ಎಂದಳು ಅಕ್ಕ. "ಏನ್ರೀ? ಏನು ಚಿಂತೆ? ಹೇಳ್ರೀ!"

ಭಾವ ಧಡಕ್ಕನೆ ಎದ್ದರು. ಎಂಜಿನ್ನನ್ನು ಹಲ್ಲಮ್ಮ ಹಾರಿ ಹಿಡಿದಳು.

"ಮೂರನೇ ಟ್ಯಾಂಕಿನ ವಾಲ್ವ್!" ಎಂದರು ಭಾವ.

"ಯಾವ ಟ್ಯಾಂಕು? ನಮ್ಮನೇಲಿ ಇರೋದು ಒಂದೇ ತೊಟ್ಟಿ."

"ಬೆಳಗ್ಗೆ ಸದ್ದು ಬಂದಿದೆ. ಯಾರಿಗೂ ಹೇಳಿಲ್ಲ. ಕೆಳಗಿನ ಬೀದಿಯೆಲ್ಲ ಮುಳುಗುತ್ತೆ!" ಎಂದು ಅವರು ಕೊರಳ ಹಲಗೆ ಕಿತ್ತೆಸೆದು ಬಾಗಿಲಿಗೆ ಓಡಿದರು.

ಹಲ್ಲಮ್ಮ ಹಣೆ ಚಚ್ಚಿಕೊಂಡಳು. ಆ ಮೂಲೆಯ ಗಾಳಿಯಲ್ಲಿ ಇದ್ದದ್ದು ಎಂಜಿನಿಯರರ ತಲೆಬಿಸಿ. ಭಾವನದು ತಿಂಗಳಿಡೀ ಕಾರ್ಖಾನೆಯ ಕಿಟಕಿಯಿಂದ ಹೊರಗೆ ಹೋಗಿ ಎಲ್ಲೆಲ್ಲೋ ಚದುರಿತ್ತು.

ಮೂವರೂ ಬಸ್ಸು ಹತ್ತಿ ನೀರಿನ ಟ್ಯಾಂಕುಗಳಿದ್ದ ಗುಡ್ಡಕ್ಕೆ ಹೋದರು. ಗೇಟಿನ ಕಾವಲುಗಾರ ತಡೆದ.

"ಯಾರು ನೀವು?"

"ಲಿಫ್ಟಿನವನು" ಎಂದರು ಭಾವ. "ಮೂರನೇ ಟ್ಯಾಂಕಿನ ವಾಲ್ವ್ ಗುಂಡಿಯ ಮುಚ್ಚಳ ತೆಗೀರಿ. ತೆಗೆದು ನೋಡಿ ಆಮೇಲೆ ಬೈಯಿರಿ."

ಅವರ ಮುಖ ನೋಡಿ ಕಾವಲುಗಾರನಿಗೂ ಗಾಬರಿ ಹತ್ತಿತು. ಮುಚ್ಚಳ ಎತ್ತಿದರೆ ಗುಂಡಿಯಲ್ಲಿ ಮಂಡಿಯುದ್ದ ನೀರು; ವಾಲ್ವಿನ ನಟ್ಟು ಸಡಿಲಾಗಿ, ಇನ್ನು ಮೂರು ಸುತ್ತು ಬಿಟ್ಟರೆ ಕಳಚಿ ಬೀಳುವ ಹಾಗಿತ್ತು. ಪಂಪ್‌ಹೌಸಿನವರು ದೊಡ್ಡ ಪಾನಾ ತಂದು ಬಿಗಿದರು. ಭಾವ ಗುಂಡಿಯ ಅಂಚಿನಲ್ಲಿ ಕೂತು, "ಇನ್ನೊಂದು ಸುತ್ತು, ಇನ್ನೊಂದು" ಎಂದು ಹೇಳುತ್ತಿದ್ದರು. ಕೆಲಸ ಮುಗಿದಾಗ ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಅಕ್ಕ ನೋಡಿದಳು: ಅದು ಅವಳ ಗಂಡನ ಹಳೆಯ ಮುಖವೇ, ಚಿಂತೆ ಮಾತ್ರ ಹೊಸದು. ಅವಳು ಸುಮ್ಮನೆ ಒಮ್ಮೆ ಸೀನಿ ನೋಡಿದಳು. ಭಾವ ತಿರುಗಿ ನೋಡಿದರು. ಗುಂಡಿಯ ಕಡೆ ಒಂದು ಕಣ್ಣಿಟ್ಟುಕೊಂಡೇ ಎದ್ದು ಬಂದು ಅವಳ ಹಣೆ ಮುಟ್ಟಿದರು. ಹೊಸ ಚಿಂತೆಯ ಬೆಂಕಿ ಹತ್ತಿದ ಮೇಲೆ ಅಕ್ಕಪಕ್ಕದ್ದಕ್ಕೂ ಅಂಟಿಕೊಂಡಿತ್ತು.

ಮರುದಿನದಿಂದ ಭಾವ ಬೆಳಗಿನ ಬಸ್ಸಿಗೆ ಗುಡ್ಡಕ್ಕೆ ಹೋಗತೊಡಗಿದರು. ಯಾರೂ ಕರೆದಿರಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಪಂಪ್‌ಹೌಸಿನವರು ಅವರಿಗೆ ಒಂದು ಸ್ಟೂಲು ಕೊಟ್ಟರು.

ಮೂರು ವಾರ ಕಳೆದ ಮೇಲೆ, ಭಾವ ಮನೆಯಲ್ಲಿದ್ದ ಒಂದು ಭಾನುವಾರ, ಆ ಎಂಜಿನಿಯರ್ ಹಲ್ಲಮ್ಮನ ಕಾರ್ಖಾನೆಗೆ ಬಂದರು. ಮೈಕೈ ತುಂಬಿಕೊಂಡಿದ್ದರು. ಮುಖ ಮಾತ್ರ ಕಳೆಗುಂದಿತ್ತು.

"ನಿದ್ದೆ ಚೆನ್ನಾಗಿ ಬರ್ತಿದೆ, ಊಟ ಚೆನ್ನಾಗಿ ಸೇರ್ತಿದೆ" ಎಂದರು. "ಆದ್ರೆ ಆಫೀಸಲ್ಲಿ ಏನು ಮಾಡ್ಬೇಕು ಅಂತಾನೇ ತೋಚಲ್ಲ. ಮೀಟಿಂಗಲ್ಲಿ ಏನಾದ್ರೂ ಸಮಸ್ಯೆ ಇದೆಯಾ ಅಂದ್ರೆ ಇಲ್ಲ ಅಂತೀನಿ. ಎಲ್ಲರೂ ನನ್ನನ್ನ ಒಂಥರಾ ನೋಡ್ತಾರೆ. ನನ್ನ ತಲೆಬಿಸಿ ನಿಮ್ಮ ಹತ್ರ ಇದೆಯಂತಲ್ಲ?"

"ನಿಮ್ಮದೇ ಅನ್ನೋಕೆ ಗುರುತೇನು?" ಎಂದರು ಭಾವ, ನೆತ್ತಿಯ ಮೇಲೆ ಕೈಯಿಟ್ಟುಕೊಂಡು.

"ವಾಲ್ವುಗಳು. ಎರಡನೇ ಪಂಪಿನ ಬೇರಿಂಗು. ಉತ್ತರ ಬರೀದೇ ಇರೋ ಪತ್ರಗಳು. ಮಹಡಿ ಮನೆಗಳಿಗೆ ನೀರು ಏರಲ್ಲ ಅನ್ನೋ ಅರ್ಜಿಗಳು."

ಭಾವ ಒಂದೊಂದಕ್ಕೂ ತಲೆಯಾಡಿಸಿದರು. ಸುಳ್ಳು ಹೇಳುವವರಲ್ಲ. "ವಾಲ್ವು ಕೊಡಲ್ಲ" ಎಂದರು ಕೊನೆಗೆ. "ಪಂಪೂ ಕೊಡಲ್ಲ. ಪತ್ರ, ಅರ್ಜಿ ತಗೊಂಡು ಹೋಗಿ. ಅವು ನಂಗೆ ಅರ್ಥ ಆಗಲ್ಲ, ಸುಮ್ನೆ ಉರಿ."

"ಪಂಪು ಕೊಡಿ ಸಾರ್. ಪಂಪಾದ್ರೂ ಕೊಡಿ."

"ಬೇರಿಂಗಿಗೆ ಗ್ರೀಸ್ ಹಾಕಿದ್ದು ಯಾರು? ನಾನು!"

ಇಬ್ಬರೂ ಎದ್ದು ನಿಂತರು. ಹಲ್ಲಮ್ಮ ನಡುವೆ ಬಂದು, ಪಂಪು ಹಗಲಿಗೆ ಭಾವನದು, ಸಂಜೆ ಆರರ ಮೇಲೆ ಎಂಜಿನಿಯರರದು ಎಂದು ಪಂಚಾಯಿತಿ ಮಾಡಿದಳು. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ, ಎಂಜಿನ್ನನ್ನು ಭಾವನ ತಲೆಯ ಮೇಲೆ ಹನ್ನೊಂದು ನಿಮಿಷ ಮುಂದಕ್ಕೆ ಓಡಿಸಿ, ತೆಗೆದು ಎಂಜಿನಿಯರರ ತಲೆಯ ಮೇಲಿಟ್ಟು, ಬೆರಳಿಗೆ ಬಟ್ಟೆ ಸುತ್ತಿಕೊಂಡು ಹನ್ನೊಂದು ನಿಮಿಷ ಹಿಂದಕ್ಕೆ ತಿರುಗಿಸಿದಳು. ಹನ್ನೆರಡನೇ ನಿಮಿಷಕ್ಕೆ ಎಂಜಿನಿಯರ್ "ಅಯ್ಯೋ, ನಾಳೇನೇ ಕೊನೇ ದಿನ!" ಎಂದು ಚೀರಿ, ಒಂದೇ ಚಪ್ಪಲಿ ಮೆಟ್ಟಿಕೊಂಡು ಓಡಿದರು. ಅವರ ಮುಖಕ್ಕೆ ಮತ್ತೆ ಕಳೆ ಬಂದಿತ್ತು.

ಉಳಿದ ಚಪ್ಪಲಿಯನ್ನು ಒಯ್ಯಲು ಮಾರನೇ ದಿನ ಪಂಪ್‌ಹೌಸಿನ ನೌಕರನೊಬ್ಬ ಬಂದ. ಚಪ್ಪಲಿ ಕಂಕುಳಲ್ಲಿ ಇಟ್ಟುಕೊಂಡ ಮೇಲೂ ಹೊಸ್ತಿಲಲ್ಲೇ ನಿಂತ. ಟೋಪಿ ತೆಗೆದ. ಅವನದೂ ಬೋಳುತಲೆ.

"ಅಮ್ಮಾ, ಸಾಹೇಬ್ರಿಗೆ ಮಾಡಿದ್ದು ನಂಗೂ ಸ್ವಲ್ಪ ಮಾಡ್ತೀರಾ? ತೆಗೆಯೋದು ಮಾತ್ರ. ವಾಪಸ್ ಹಾಕೋದು ಬೇಡ."

ಹಲ್ಲಮ್ಮನ ಮೇಜಿನ ಮೇಲೆ ಸಂಜೆಯೊಳಗೆ ಕೊಡಬೇಕಾದ ಮೂರು ಮೇಲ್ದವಡೆಗಳಿದ್ದವು. ಆದರೂ ಅವಳು ಕುರ್ಚಿ ತೋರಿಸಿದಳು. "ಕೂತ್ಕೊಳ್ಳಿ. ಯಾವುದು ತೆಗೀಬೇಕು, ಯಾವುದು ಬಿಡಬೇಕು ಅಂತ ಮೊದ್ಲೇ ಯೋಚಿಸಿ ಹೇಳಿ. ಆಮೇಲೆ ಬೇಕು ಅಂತ ಬಂದ್ರೆ, ಅಷ್ಟರಲ್ಲಿ ಅದು ಯಾರ ತಲೆ ಸೇರಿರುತ್ತೋ ನಾ ಹೇಳಲಾರೆ."

ಅವನು ಕೂತ. ಬೆರಳು ಮಡಿಸಿ ಎಣಿಸಿದ. "ತಮ್ಮ ಮಾತು ಬಿಟ್ಟಿದಾನೆ. ಅದನ್ನ ತೆಗೀರಿ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಬೇಡ, ಅದಿರ್ಲಿ" ಎಂದ. ಇನ್ನೊಂದು ಬೆರಳು ಮಡಿಸಿದ. "ಹೆಂಡ್ತಿ ಮಂಡಿನೋವು... ಅದೂ ಇರ್ಲಿ. ಮಗಳು ದೂರದ ಊರಲ್ಲಿ ಒಬ್ಬಳೇ..." ಆ ಬೆರಳನ್ನು ಮಡಿಸಲೇ ಇಲ್ಲ. ಎರಡೂ ಕೈಯ ಬೆರಳು ಮುಗಿದವು. ಹಲ್ಲಮ್ಮ ಅಷ್ಟರಲ್ಲಿ ಒಂದು ದವಡೆಗೆ ಆರು ಹಲ್ಲು ಕೂರಿಸಿದ್ದಳು.

ಅವನು ಟೋಪಿ ಹಾಕಿಕೊಂಡು ಎದ್ದ. "ಹಾಗೇ ಇರ್ಲಿ ಬಿಡಿ ಅಮ್ಮ" ಎಂದು, ಸಾಹೇಬರ ಚಪ್ಪಲಿ ಹಿಡಿದುಕೊಂಡು ಬೀದಿಗಿಳಿದ.